ಎಲುಬಿಗೂ ಜೀವವಿದೆ

ಮನುಷ್ಯನ ದೇಹದಲ್ಲಿ ಎಷ್ಟು ಎಲುಬುಗಳಿವೆ ಎಂದು ಕೇಳಿದರೆ ಶಾಲೆಗೆ ಹೋಗುವ ಮಗು ಥಟ್ಟನೆ '206' ಎನ್ನುತ್ತದೆ. ಪರೀಕ್ಷೆಯಲ್ಲಿ ಅದಕ್ಕೊಂದು ಅಂಕವೂ ಸಿಗುತ್ತದೆ. ಆದರೆ ಅದೇ ಮಗು ಹುಣಸೆ ಮರದಿಂದ ಬಿದ್ದು ಕೈ ಮುರಿದುಕೊಂಡ ದಿನ ಈ ಅಂಕಿಯಿಂದ ಮನೆಯವರಿಗೆ ಯಾವ ಪ್ರಯೋಜನವೂ ಇಲ್ಲ. ಅಂದು ಬೇಕಾಗುವ ತಿಳಿವಳಿಕೆಯೇ ಬೇರೆ. ಎಲುಬು ಜೀವವಿರುವ ಅಂಗ, ಅದಕ್ಕೂ ಅದರ ಸುತ್ತಲಿನ ಸ್ನಾಯುಗಳಿಗೂ ಎಡೆಬಿಡದೆ ರಕ್ತ ಹರಿಯುತ್ತಿರಬೇಕು ಎಂಬುದೇ ಆ ತಿಳಿವಳಿಕೆ. ಬಸವಕಲ್ಯಾಣ, ಹುಮನಾಬಾದ್ ಸುತ್ತಿನ ಹಳ್ಳಿಗಳಿಂದ ಬಿಗಿಯಾದ ಕಟ್ಟಿನೊಂದಿಗೆ, ಊದಿದ ಬೆರಳುಗಳೊಂದಿಗೆ ಬರುವ ಮಕ್ಕಳನ್ನು ಕಂಡಾಗಲೆಲ್ಲ ಈ ಒಂದು ಮಾತು ಮನೆಮನೆಗೂ ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸುತ್ತದೆ. ಈ ವಾರದ ಅಂಕಣ ಅದಕ್ಕಾಗಿಯೇ.

ಒಣಗಿದ ಎಲುಬು, ಹಸಿ ಎಲುಬು

ನಾವೆಲ್ಲ ಎಲುಬನ್ನು ನೋಡುವುದು ಜೀವ ಹೋದ ಮೇಲಿನ ರೂಪದಲ್ಲಿ. ಹೊಲದ ಬದುವಿನಲ್ಲಿ ಬಿದ್ದ ದನದ ಎಲುಬು, ಶಾಲೆಯ ಗೋಡೆಯ ಮೇಲಿನ ಪಟ, ವೈದ್ಯಕೀಯ ಕಾಲೇಜಿನಲ್ಲಿ ತಂತಿಗೆ ತೂಗುಹಾಕಿದ ಅಸ್ಥಿಪಂಜರ, ಇವೆಲ್ಲ ಒಣಗಿ ಬೆಳ್ಳಗಾದವು. 'ಸ್ಕೆಲಿಟನ್' ಎಂಬ ಇಂಗ್ಲಿಷ್ ಪದದ ಗ್ರೀಕ್ ಮೂಲಕ್ಕೂ 'ಒಣಗಿದ್ದು' ಎಂದೇ ಅರ್ಥ. ಹೀಗಾಗಿ ಎಲುಬೆಂದರೆ ಮನೆಯ ತೊಲೆಯಂತೆ, ಮುರಿದರೆ ಹೊಂದಿಸಿ ಬಿಗಿದು ಕಟ್ಟಿದರಾಯಿತು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಬದುಕಿರುವ ದೇಹದಲ್ಲಿ ಎಲುಬು ಹೀಗಿರುವುದಿಲ್ಲ. ಅದು ಹಸಿಯಾಗಿರುತ್ತದೆ, ತುಸು ಗುಲಾಬಿ ಬಣ್ಣ ಬೆರೆತ ಬಿಳುಪಾಗಿರುತ್ತದೆ. ಅದರ ಮೇಲೆ ತೆಳುವಾದ ಒಂದು ಪೊರೆ ಇದೆ. ಆ ಪೊರೆಯ ತುಂಬ ನರಗಳು. ಎಲುಬು ಮುರಿದಾಗ ಪ್ರಾಣ ಹಿಂಡಿದಂತೆ ನೋಯುವುದಕ್ಕೆ ಇದು ಮುಖ್ಯ ಕಾರಣ. ಎಲುಬಿನ ಮೈಮೇಲಿನ ಸಣ್ಣ ಸಣ್ಣ ರಂಧ್ರಗಳ ಮೂಲಕ ರಕ್ತನಾಳಗಳು ಒಳಹೊಕ್ಕು ಕವಲೊಡೆಯುತ್ತವೆ.

ಎಲುಬಿನ ತೂಕದಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಸುಣ್ಣ ಮತ್ತು ರಂಜಕ ಕೂಡಿದ ಲವಣ. ಉಳಿದದ್ದು ಕೊಲಾಜನ್ ಎಂಬ ನಾರಿನಂಥ ಪ್ರೋಟೀನು ಮತ್ತು ನೀರು. ಲವಣ ಗಟ್ಟಿತನ ಕೊಡುತ್ತದೆ, ನಾರು ಬಾಗುವ ಗುಣ ಕೊಡುತ್ತದೆ. ಮಾಂಸಾಹಾರಿಗಳ ಮನೆಯಲ್ಲಿ ಮಕ್ಕಳು ಒಂದು ಪ್ರಯೋಗ ಮಾಡಿ ನೋಡಬಹುದು. ಕೋಳಿಯ ಕಾಲಿನ ಎಲುಬನ್ನು ತೊಳೆದು ನಾಲ್ಕೈದು ದಿನ ವಿನಿಗರ್‌ನಲ್ಲಿ ನೆನೆಯಿಡಿ. ಹುಳಿಯಲ್ಲಿ ಸುಣ್ಣದ ಅಂಶ ಕರಗಿಹೋಗಿ ಎಲುಬು ರಬ್ಬರಿನಂತೆ ಬಾಗುತ್ತದೆ. ಸುಟ್ಟ ಎಲುಬಿನಲ್ಲಿ ಇದರ ತದ್ವಿರುದ್ಧ. ಅಲ್ಲಿ ನಾರು ಸುಟ್ಟುಹೋಗಿರುವುದರಿಂದ ಹಿಡಿದರೆ ಪುಡಿಪುಡಿಯಾಗುತ್ತದೆ.

ಎಲುಬಿನೊಳಗೆ ಸದಾ ಕೆಲಸ ನಡೆಯುತ್ತಿರುತ್ತದೆ. ಒಂದು ಬಗೆಯ ಜೀವಕೋಶಗಳು ಹಳೆಯ ಭಾಗವನ್ನು ಕರಗಿಸುತ್ತವೆ, ಇನ್ನೊಂದು ಬಗೆಯವು ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತವೆ. ವಯಸ್ಕರ ಅಸ್ಥಿಪಂಜರದಲ್ಲಿ ವರ್ಷಕ್ಕೆ ಸುಮಾರು ಶೇ 10ರಷ್ಟು ಹೀಗೆ ಹೊಸತಾಗುತ್ತದೆ. ಎಲುಬಿನ ಒಳಗಿನ ಮಜ್ಜೆಯಲ್ಲಿ ದಿನವೊಂದಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳು ಹುಟ್ಟುತ್ತವೆ. ದೇಹದಲ್ಲಿರುವ ಕ್ಯಾಲ್ಸಿಯಂನಲ್ಲಿ ಶೇ 99ರಷ್ಟು ಇರುವುದು ಎಲುಬು ಮತ್ತು ಹಲ್ಲುಗಳಲ್ಲೇ. ರಕ್ತದಲ್ಲಿ ಅದು ಕಡಿಮೆಯಾದರೆ ಎಲುಬಿನ ಕಣಜದಿಂದ ತೆಗೆದುಕೊಡಲಾಗುತ್ತದೆ. ಇಷ್ಟೆಲ್ಲ ಕಾಯಕ ಮಾಡುವ ಅಂಗವನ್ನು ಒಣ ಕಟ್ಟಿಗೆಗೆ ಹೋಲಿಸುವುದು ಸರಿಯೇ?

206ರ ಲೆಕ್ಕ

ಮಕ್ಕಳು ಬಾಯಿಪಾಠ ಮಾಡುವ 206ರ ಅರ್ಥವನ್ನೂ ಸ್ವಲ್ಪ ನೋಡೋಣ. ತಲೆಬುರುಡೆ, ಬೆನ್ನುಮೂಳೆ, ಪಕ್ಕೆಲುಬು, ಎದೆಯ ನಡುವಿನ ಎಲುಬು ಸೇರಿ ದೇಹದ ನಡುಕಂಬದಲ್ಲಿ 80. ಕೈಕಾಲುಗಳು ಮತ್ತು ಅವು ಮುಂಡಕ್ಕೆ ಕೂಡುವ ಭಾಗಗಳಲ್ಲಿ 126. ಒಂದೊಂದು ಹಸ್ತದಲ್ಲಿ 27, ಒಂದೊಂದು ಪಾದದಲ್ಲಿ 26 ಇವೆ. ಎರಡು ಕೈ, ಎರಡು ಪಾದ ಕೂಡಿಸಿದರೆ 106 ಆಯಿತು. ಅಂದರೆ ಇಡೀ ದೇಹದ ಅರ್ಧಕ್ಕಿಂತ ಹೆಚ್ಚು ಎಲುಬುಗಳು ಹಸ್ತ ಮತ್ತು ಪಾದಗಳಲ್ಲೇ ಇವೆ. ರೊಟ್ಟಿ ಬಡಿಯುವುದು, ಸೂಜಿಗೆ ದಾರ ಪೋಣಿಸುವುದು, ಆಟೋನಗರದಲ್ಲಿ ಲಾರಿಯ ನಟ್ಟು ಬಿಗಿಯುವುದು ಇವೆಲ್ಲ ಸಾಧ್ಯವಾಗುವುದು ಈ ಸಣ್ಣ ಸಣ್ಣ ಎಲುಬುಗಳ ಹೊಂದಾಣಿಕೆಯಿಂದ.

ಈ ಲೆಕ್ಕ ಯಾವಾಗಲೂ ಒಂದೇ ಆಗಿರಲಿಲ್ಲ. ಚರಕ ಸಂಹಿತೆ 360 ಎಂದಿತು, ಸುಶ್ರುತ ಸಂಹಿತೆ 300 ಎಂದಿತು. ಹಲ್ಲು, ಮೃದ್ವಸ್ಥಿ ಮುಂತಾದವನ್ನು ಎಣಿಕೆಗೆ ಸೇರಿಸಿದ್ದು ಇದಕ್ಕೆ ಒಂದು ಕಾರಣ. ಹುಟ್ಟಿದ ಮಗುವಿನಲ್ಲೂ ಸುಮಾರು 300 ತುಂಡುಗಳಿರುತ್ತವೆ. ಬೆಳೆದಂತೆ ಹಲವು ಒಂದಕ್ಕೊಂದು ಬೆಸೆದು 206ಕ್ಕೆ ಬರುತ್ತವೆ. ಮಕ್ಕಳ ಉದ್ದ ಎಲುಬುಗಳ ತುದಿಯ ಬಳಿ ಮೆದುವಾದ ಬೆಳವಣಿಗೆಯ ಪಟ್ಟಿಯೊಂದಿದೆ. ಕೈಕಾಲು ಉದ್ದವಾಗುವುದು ಅಲ್ಲಿಂದಲೇ. ಅಲ್ಲಿ ಪೆಟ್ಟಾಗಿ ಅದನ್ನು ಸರಿಯಾಗಿ ನೋಡಿಕೊಳ್ಳದಿದ್ದರೆ ಮುಂದೆ ಆ ಕೈ ಅಥವಾ ಕಾಲು ಗಿಡ್ಡವಾಗಬಹುದು, ಸೊಟ್ಟಗಾಗಬಹುದು. ಈ ಪೆಟ್ಟು ಹೊರಗಿನಿಂದ ನೋಡಿದರೆ ಬರಿಯ ಉಳುಕಿನಂತೆಯೇ ಕಾಣುತ್ತದೆ ಎಂಬುದನ್ನು ತಾಯಿತಂದೆಯರು ನೆನಪಿನಲ್ಲಿಡಬೇಕು.

ಮುರಿದ ಎಲುಬು ಕೂಡುವುದು ಹೇಗೆ?

ಎಲುಬು ಮುರಿದ ಕೂಡಲೇ ಅಲ್ಲಿ ರಕ್ತ ಸುರಿದು ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನೊಳಗೆ ಹೊಸ ರಕ್ತನಾಳಗಳು ಬೆಳೆಯುತ್ತವೆ. ಎರಡು ಮೂರು ವಾರಗಳಲ್ಲಿ ಮುರಿದ ತುದಿಗಳ ನಡುವೆ ಮೆದುವಾದ ಸೇತುವೆ ಕಟ್ಟಿಕೊಳ್ಳುತ್ತದೆ. ಮುಂದೆ ಅದರಲ್ಲಿ ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತದೆ. ಚಿಕ್ಕ ಮಕ್ಕಳ ಮುಂಗೈ ನಾಲ್ಕರಿಂದ ಆರು ವಾರಗಳಲ್ಲಿ ಕೂಡಿದರೆ, ದೊಡ್ಡವರ ಮೊಣಕಾಲ ಕೆಳಗಿನ ಎಲುಬಿಗೆ ಮೂರು ನಾಲ್ಕು ತಿಂಗಳು ಅಥವಾ ಇನ್ನೂ ಹೆಚ್ಚು ಬೇಕು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಎಲುಬನ್ನು ಕೂಡಿಸುವುದು ದೇಹವೇ ಹೊರತು ವೈದ್ಯರಲ್ಲ, ಎಲುಬು ಕಟ್ಟುವವರೂ ಅಲ್ಲ. ನಾವು ಮಾಡುವ ಕೆಲಸ ಮೂರೇ: ತುದಿಗಳನ್ನು ಸರಿಯಾಗಿ ಹೊಂದಿಸುವುದು, ಅಲುಗಾಡದಂತೆ ಇಡುವುದು, ರಕ್ತದ ಹರಿವಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವುದು. ಹಳ್ಳಿಯ ಎಲುಬು ಕಟ್ಟುವವರಿಗೆ ಹೆಸರು ಬಂದದ್ದೂ ಇದರಿಂದಲೇ. ಎಷ್ಟೋ ಸರಳ ಮುರಿತಗಳು ಸುಮ್ಮನೆ ಅಲುಗಾಡದಂತೆ ಇಟ್ಟರೂ ಕೂಡಿಕೊಳ್ಳುತ್ತವೆ. ಆಗ ಜನ ಅದನ್ನು 'ಕೈಗುಣ' ಎನ್ನುತ್ತಾರೆ. ಬರಿಯ ಉಳುಕಿಗೆ ಕಟ್ಟು ಹಾಕಿ ವಾಸಿಯಾದರೂ 'ಮುರಿದ ಎಲುಬು ಕೂಡಿತು' ಎಂದೇ ಪ್ರಚಾರವಾಗುತ್ತದೆ. ಅವರಲ್ಲಿ ಅನುಭವಸ್ಥರಿದ್ದಾರೆ, ಹಣಕ್ಕೆ ಆಸೆ ಪಡದವರೂ ಇದ್ದಾರೆ. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಮೂರು ಕೆಲಸಗಳಲ್ಲಿ ಮೊದಲನೆಯದಕ್ಕೆ ಒಳಗಿನ ಚಿತ್ರ ಬೇಕು, ಮೂರನೆಯದಕ್ಕೆ ಶರೀರರಚನೆಯ ತಿಳಿವಳಿಕೆ ಬೇಕು. 1895ರಲ್ಲಿ ರಾಂಟ್‌ಜೆನ್ ತಮ್ಮ ಹೆಂಡತಿಯ ಕೈಯ ಎಲುಬುಗಳನ್ನು ಕ್ಷ-ಕಿರಣದಲ್ಲಿ ತೋರಿಸಿದಂದಿನಿಂದ, ನೋಡದೆ ಕಟ್ಟುವುದಕ್ಕೆ ನೆಪವೇ ಉಳಿದಿಲ್ಲ.

ಬಿಗಿ ಕಟ್ಟಿನ ಅಪಾಯ

ಮುರಿದ ಕೈ ಮೊದಲ ಎರಡು ದಿನ ಊದುತ್ತಲೇ ಹೋಗುತ್ತದೆ. ಆಗ ಬಿದಿರಿನ ದಬ್ಬೆ ಇಟ್ಟು ಬಟ್ಟೆಯಿಂದ ಬಿಗಿದರೆ ಊತಕ್ಕೆ ಹೊರಗೆ ಜಾಗವಿಲ್ಲ. ಒತ್ತಡವೆಲ್ಲ ಒಳಗೇ ಏರುತ್ತದೆ. ಮುಂಗೈಯ ಸ್ನಾಯುಗಳು ಬಿಗಿಯಾದ ಪೊರೆಯ ಚೀಲಗಳಲ್ಲಿರುವುದರಿಂದ ಸಣ್ಣ ರಕ್ತನಾಳಗಳು ಅಲ್ಲೇ ಅದುಮಿಹೋಗುತ್ತವೆ. ರಕ್ತ ಪೂರ್ತಿ ನಿಂತರೆ ನಾಲ್ಕರಿಂದ ಆರು ಗಂಟೆಗಳಲ್ಲಿ ಸ್ನಾಯು ಸಾಯತೊಡಗುತ್ತದೆ. ಸತ್ತ ಸ್ನಾಯು ಮತ್ತೆ ಬದುಕುವುದಿಲ್ಲ. ಕ್ರಮೇಣ ಅದು ನಾರಾಗಿ ಕುಗ್ಗಿ ಬೆರಳುಗಳನ್ನು ಒಳಕ್ಕೆ ಎಳೆಯುತ್ತದೆ. ಎಲುಬು ಚೆನ್ನಾಗಿಯೇ ಕೂಡಿರುತ್ತದೆ, ಆದರೆ ಆ ಕೈಯಲ್ಲಿ ಪೆನ್ನು ಹಿಡಿಯಲಾಗುವುದಿಲ್ಲ. ಕೊಳೆತರೆ ಕೈಯನ್ನೇ ತೆಗೆಯಬೇಕಾಗುತ್ತದೆ.

ಇದು ಹಳ್ಳಿಯ ಕಟ್ಟಿನಿಂದ ಮಾತ್ರ ಬರುವ ಅಪಾಯವಲ್ಲ. ಜರ್ಮನಿಯ ಶಸ್ತ್ರವೈದ್ಯ ಫೋಕ್‌ಮನ್ 1881ರಲ್ಲಿ ಇದನ್ನು ವಿವರಿಸಿದ್ದೇ ಬಿಗಿಯಾದ ಬ್ಯಾಂಡೇಜಿನ ನಂತರ ಕೈ ಸೆಟೆದ ರೋಗಿಗಳನ್ನು ಕಂಡು. ದವಾಖಾನೆಯಲ್ಲಿ ಹಾಕಿದ ಪ್ಲಾಸ್ಟರ್ ಕೂಡ ಊತ ಏರಿದಾಗ ಬಿಗಿಯಾಗಬಹುದು. ಆದ್ದರಿಂದ ಕಟ್ಟು ಯಾರೇ ಹಾಕಿರಲಿ, ಮನೆಯವರು ಮೊದಲ ಎರಡು ದಿನ ಈ ಚಿಹ್ನೆಗಳನ್ನು ಮತ್ತೆ ಮತ್ತೆ ನೋಡುತ್ತಿರಬೇಕು:

* ಕಟ್ಟು ಹಾಕಿದ ಮೇಲೆ ನೋವು ಕಡಿಮೆಯಾಗುವ ಬದಲು ಏರುತ್ತಲೇ ಹೋಗುವುದು.
* ಬೆರಳನ್ನು ಮೆಲ್ಲಗೆ ನೀಟಿ ಬಿಡಿಸಿದರೆ ಮಗು ಚೀರುವುದು.
* ಬೆರಳು ಜೋಮು ಹಿಡಿಯುವುದು, ಮರಗಟ್ಟುವುದು, ತಣ್ಣಗಾಗುವುದು, ಬಿಳಿಚಿಕೊಳ್ಳುವುದು ಅಥವಾ ನೀಲಿಯಾಗುವುದು.
* ಉಗುರನ್ನು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನಲ್ಲಿ ಕೆಂಪು ಮರಳದಿರುವುದು.

ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ನಡುರಾತ್ರಿಯಾದರೂ ಬಟ್ಟೆಯ ಕಟ್ಟನ್ನು ಬಿಚ್ಚಿ, ಪ್ಲಾಸ್ಟರ್ ಆಗಿದ್ದರೆ ಹಾಕಿದ ದವಾಖಾನೆಗೆ ಅಥವಾ ಹತ್ತಿರದ ಆಸ್ಪತ್ರೆಗೆ ಓಡಿ. 'ಬಿಗಿ ಇದ್ದರೇ ಎಲುಬು ಕೂಡುವುದು, ಸ್ವಲ್ಪ ತಾಳಿಕೋ' ಎಂದು ಅಳುವ ಮಗುವನ್ನು ಗದರಿಸಬೇಡಿ. ಆ ಅಳುವೇ ನಿಮಗೆ ಸಿಗುವ ಮೊದಲ ಎಚ್ಚರಿಕೆ. ನಾಡಿ ಸಿಗುತ್ತಿದೆ ಎಂದು ಸಮಾಧಾನಪಡುವುದೂ ಸರಿಯಲ್ಲ. ದೊಡ್ಡ ರಕ್ತನಾಳ ಬಡಿಯುತ್ತಿರುವಾಗಲೇ ಒಳಗೆ ಸ್ನಾಯು ಸಾಯುತ್ತಿರಬಹುದು.

ಇನ್ನು ತೈಲ ಹಚ್ಚಿ ತಿಕ್ಕುವ ವಿಷಯ. ಪೆಟ್ಟಾದ ಮೊಣಕೈಯನ್ನು ತಿಕ್ಕಿ, ಎಳೆದು 'ಸಡಿಲ' ಮಾಡಿಸುವ ರೂಢಿ ನಮ್ಮಲ್ಲಿದೆ. ಇದರಿಂದ ಒಳಗೆ ಮತ್ತೆ ರಕ್ತ ಸೋರಿ, ಕೀಲಿನ ಸುತ್ತಲಿನ ಸ್ನಾಯುವಿನಲ್ಲೇ ಹೊಸ ಎಲುಬು ಬೆಳೆದು, ಮೊಣಕೈ ಮಡಚಲಾಗದೆ ನಿಂತುಬಿಡಬಹುದು. ಎಲುಬಿಗೆ ಜೀವವಿದೆ ಎಂಬುದಕ್ಕೆ ಇದೂ ಒಂದು ಸಾಕ್ಷಿ. ಬೇಡದ ಕಡೆಯೂ ಅದು ಬೆಳೆಯಬಲ್ಲದು.

ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿ

ರಕ್ತದ ಮಾತು ಮುಪ್ಪಿನವರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ತೊಡೆಯ ಎಲುಬಿನ ಮೇಲ್ತುದಿಯಲ್ಲಿ ಚೆಂಡಿನಂಥ ತಲೆಯಿದೆ, ಅದರ ಕೆಳಗೆ ಕುತ್ತಿಗೆಯಂಥ ಭಾಗ. ತಲೆಗೆ ಹೋಗುವ ರಕ್ತದಲ್ಲಿ ಹೆಚ್ಚಿನ ಪಾಲು ಈ ಕುತ್ತಿಗೆಯ ಮೇಲಿಂದಲೇ ಹಾಯಬೇಕು. ಬಚ್ಚಲಲ್ಲಿ ಜಾರಿ ಕುತ್ತಿಗೆ ಮುರಿದರೆ ರಕ್ತನಾಳಗಳೂ ಹರಿದು ತಲೆಯ ಭಾಗ ಸಾಯುವ ಸಂಭವವಿದೆ. ಅದಕ್ಕೇ ಈ ಮುರಿತ ಎಷ್ಟು ತಿಂಗಳು ಕಟ್ಟು ಹಾಕಿದರೂ ಕೂಡದಿರುವುದೇ ಹೆಚ್ಚು.

'ವಯಸ್ಸಾಯಿತು, ಆಪರೇಷನ್ ಯಾಕೆ, ಹಾಸಿಗೆಯಲ್ಲೇ ಇರಲಿ' ಎಂದು ಮಕ್ಕಳು ಹೇಳುವುದನ್ನು ಕೇಳುತ್ತೇವೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ತಿಂಗಳುಗಟ್ಟಲೆ ಮಲಗಿದ ಮುದುಕರಿಗೆ ಬೆನ್ನಿನ ಹುಣ್ಣು, ಪುಪ್ಪುಸದ ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪು ಒಂದರ ಹಿಂದೊಂದು ಬರುತ್ತವೆ. ಇಂಥವರಿಗೆ ಸಾಧ್ಯವಾದರೆ ಒಂದೆರಡು ದಿನಗಳಲ್ಲೇ ಶಸ್ತ್ರಚಿಕಿತ್ಸೆ ಮಾಡಿ ಎಬ್ಬಿಸಿ ನಿಲ್ಲಿಸುವುದು ಇಂದಿನ ವೈದ್ಯಪದ್ಧತಿ. ಬಿದ್ದ ಮೇಲೆ ಅಜ್ಜಿಗೆ ಎದ್ದು ನಿಲ್ಲಲಾಗದೆ, ಪಾದ ಹೊರಕ್ಕೆ ತಿರುಗಿ ಕಾಲು ಗಿಡ್ಡವಾದಂತೆ ಕಂಡರೆ ಅಂದೇ ಎಕ್ಸ್‌ರೇ ಮಾಡಿಸಿ.

ಎಲುಬು ಜೀವವಿರುವ ಅಂಗವಾದ್ದರಿಂದ ಅದಕ್ಕೆ ಆಹಾರವೂ ಬೇಕು, ದುಡಿಮೆಯೂ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ಜೋಳದಲ್ಲಿ ನೂರು ಗ್ರಾಂಗೆ ಸಿಗುವುದು 30 ಮಿಲಿಗ್ರಾಂಗೂ ಕಡಿಮೆ. ರಾಗಿಯಲ್ಲಿ ಸುಮಾರು 350, ಎಳ್ಳಿನಲ್ಲಿ 1200ಕ್ಕೂ ಮಿಕ್ಕಿ ಇದೆ. ಸಂಕ್ರಾಂತಿಯ ಮುನ್ನಾದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುವ ನಾವು ಆ ಎಳ್ಳನ್ನು ವರ್ಷವಿಡೀ ಚಟ್ನಿಪುಡಿಯಲ್ಲಾದರೂ ತಿನ್ನಬಹುದಲ್ಲ! ಹಾಲು, ಮೊಸರು, ನುಗ್ಗೆ ಸೊಪ್ಪು ಜೊತೆಗಿರಲಿ. ಮೈಗೆ ಬಿಸಿಲು ತಾಗಲಿ. ನಡಿಗೆ ನಿಲ್ಲಿಸಬೇಡಿ. ಭಾರ ಹೊರದ ಎಲುಬು ದಿನೇದಿನೇ ತೆಳುವಾಗುತ್ತದೆ.

ರಸ್ತೆಯಲ್ಲಿ ಬಿದ್ದವರು

ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿ ನಮ್ಮ ಎರಡೂ ತಾಲ್ಲೂಕುಗಳನ್ನು ಹಾಯ್ದು ಹೋಗುತ್ತದೆ. ಅಪಘಾತವಾದಾಗ ಓಡಿಬರುವವರು ಅಕ್ಕಪಕ್ಕದ ಹೊಲದವರು, ಧಾಬಾದವರು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ಮಗ್ಗುಲಿನ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಕಲ್ಲುಮಣ್ಣಿನ ಮನೆಗಳು ಕುಸಿದು ಹತ್ತಿರಹತ್ತಿರ ಹತ್ತು ಸಾವಿರ ಜನ ಸತ್ತಾಗಲೂ ಮೊದಲು ಕೈಚಾಚಿದವರು ಊರವರೇ. ಆದ್ದರಿಂದ ಈ ತಿಳಿವಳಿಕೆ ವೈದ್ಯರಿಗಿಂತ ಮೊದಲು ಊರವರಿಗೆ ಬೇಕು.

ಬೆನ್ನುಮೂಳೆಯ ಕೊಳವೆಯೊಳಗೆ ಕಿರುಬೆರಳಿನಷ್ಟು ದಪ್ಪದ ಬೆನ್ನುಹುರಿ ಇದೆ. ಕತ್ತಿನ ಎಲುಬು ಮುರಿದಿದ್ದರೂ ಹುರಿ ಉಳಿದಿರಬಹುದು. ಕೈಕಾಲು ಹಿಡಿದು ಜೋಲಿಯಂತೆ ಎತ್ತಿ ಜೀಪಿಗೆ ತುಂಬಿದರೆ ಆ ಉಳಿದ ಹುರಿಯೂ ತುಂಡಾಗಿ ಮನುಷ್ಯ ಬದುಕಿಡೀ ಏಳದಂತಾಗಬಹುದು. ಬೆಂಕಿಯ ಭಯ, ವಾಹನಗಳ ಭಯ ಇಲ್ಲದಿದ್ದರೆ ಅವರನ್ನು ಅಲುಗಿಸಬೇಡಿ. 108ಕ್ಕೆ ಕರೆ ಮಾಡಿ. ಎತ್ತಲೇಬೇಕಾದರೆ ನಾಲ್ಕೈದು ಜನ ಸೇರಿ, ಒಬ್ಬರು ತಲೆ-ಕತ್ತನ್ನು ಬಿಗಿಯಾಗಿ ಹಿಡಿದು, ಮೈಯನ್ನು ಒಂದೇ ತೊಲೆಯಂತೆ ಹೊರಳಿಸಿ ಅಗಲವಾದ ಹಲಗೆಯ ಮೇಲೆ ಮಲಗಿಸಿ. ಪೊಲೀಸರ ತಂಟೆಗೆ ಹೆದರಬೇಕಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಇದೆ.

ಈ ಪತ್ರಿಕೆಯೇ ದಬ್ಬೆಯಾಗಲಿ

ಕೈ ಮುರಿದಿದೆ ಎಂಬ ಅನುಮಾನ ಬಂದ ಕೂಡಲೇ ಮಾಡಬೇಕಾದದ್ದನ್ನು ಹೇಳುತ್ತೇನೆ. ಮೊದಲು ಬಳೆ, ಕಡಗ, ಉಂಗುರ ತೆಗೆಯಿರಿ. ಊತ ಬಂದ ಮೇಲೆ ಅವು ಬರುವುದಿಲ್ಲ. ನೀವು ಓದುತ್ತಿರುವ ಈ ಪತ್ರಿಕೆಯೊಂದಿಗೆ ಇನ್ನೂ ನಾಲ್ಕೈದು ದಿನದ ಪತ್ರಿಕೆ ಸೇರಿಸಿ ದಪ್ಪಗೆ ಮಡಚಿ, ಮುಂಗೈ ಅದರೊಳಗೆ ಕೂರುವಂತೆ ದೋಣಿಯಾಕಾರಕ್ಕೆ ಬಾಗಿಸಿ. ಮೊಣಕೈಯಿಂದ ಅಂಗೈವರೆಗೆ ಆಧಾರ ಸಿಗಬೇಕು. ಅದರ ಮೇಲೆ ಬಟ್ಟೆಯನ್ನು ಸಡಿಲವಾಗಿ, ಒಂದು ಬೆರಳು ಒಳಗೆ ತೂರುವಷ್ಟು ಜಾಗ ಬಿಟ್ಟು ಕಟ್ಟಿ. ಬೆರಳ ತುದಿಗಳು ಕಣ್ಣಿಗೆ ಕಾಣುವಂತಿರಲಿ. ಟವೆಲು ಅಥವಾ ದುಪಟ್ಟಾದಿಂದ ಕೈಯನ್ನು ಕೊರಳಿಗೆ ತೂಗುಹಾಕಿ. ಎಲುಬು ಹೊರಗೆ ಕಾಣುತ್ತಿದ್ದರೆ ಒಳಗೆ ತಳ್ಳಬೇಡಿ. ಅರಿಶಿನ, ಸುಣ್ಣ, ಸೊಪ್ಪಿನ ರಸ ಯಾವುದನ್ನೂ ಹಚ್ಚದೆ ಶುಭ್ರ ಬಟ್ಟೆ ಮುಚ್ಚಿ. ನಂತರ ಎಕ್ಸ್‌ರೇ ಇರುವ ದವಾಖಾನೆಗೆ ನಡೆಯಿರಿ. ಬಿದ್ದವರ ಮನೆಗೆ ಬಂದ ಹತ್ತು ಜನರ ಎಲುಬಿಲ್ಲದ ನಾಲಿಗೆ ಹತ್ತು ಸಲಹೆ ಕೊಡುತ್ತದೆ. ಎಲ್ಲರಿಗೂ ಒಂದೇ ಉತ್ತರ ಕೊಡಿ: 'ಮೊದಲು ಚಿತ್ರ, ಆಮೇಲೆ ಕಟ್ಟು.'

ಜನ ಎಲುಬು ಕಟ್ಟುವವರ ಬಳಿಗೆ ಹೋಗುವುದಕ್ಕೆ ಅಜ್ಞಾನವೊಂದೇ ಕಾರಣ ಎನ್ನುವುದು ಅನ್ಯಾಯ. ಹುಮನಾಬಾದ್‌ನಿಂದ ಬೀದರ್‌ನ ಬ್ರಿಮ್ಸ್ ಆಸ್ಪತ್ರೆ ಸುಮಾರು 50 ಕಿ.ಮೀ., ಬಸವಕಲ್ಯಾಣದಿಂದ ಸುಮಾರು 80 ಕಿ.ಮೀ. ರಾತ್ರಿ ಮಗು ಬಿದ್ದರೆ ಕೂಲಿಯವರು ಬಾಡಿಗೆ ಗಾಡಿಗೆ ಹಣ ಹೊಂದಿಸಬೇಕು, ಎರಡು ದಿನದ ಪಗಾರ ಬಿಡಬೇಕು. ಆಪರೇಷನ್ ಎಂದರೆ ಹೊಲ ಮಾರಬೇಕಾದೀತೆಂಬ ಹೆದರಿಕೆ ಬೇರೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ ಎಂಬುದನ್ನು ಬಿದ್ದ ಮೇಲಲ್ಲ, ಮೊದಲೇ ತಿಳಿದು ಕಾರ್ಡು ಮಾಡಿಸಿಟ್ಟುಕೊಳ್ಳಬೇಕು. ಸರ್ಕಾರದ ಕರ್ತವ್ಯವೂ ಇದೆ. ತಾಲ್ಲೂಕು ಆಸ್ಪತ್ರೆಯ ಎಕ್ಸ್‌ರೇ ಯಂತ್ರ ಹಗಲುರಾತ್ರಿ ನಡೆಯಬೇಕು, ಅದನ್ನು ನಡೆಸುವ ಸಿಬ್ಬಂದಿ ರಾತ್ರಿ ಪಾಳಿಯಲ್ಲೂ ಇರಬೇಕು. ಆ ಚಿತ್ರವನ್ನು ಮೊಬೈಲಿನಲ್ಲೇ ಜಿಲ್ಲೆಯ ತಜ್ಞರಿಗೆ ಕಳಿಸಿ ಸಲಹೆ ಪಡೆಯುವ ವ್ಯವಸ್ಥೆಗೆ ದೊಡ್ಡ ಖರ್ಚೇನೂ ಬೇಡ. ಎಲುಬು ಕಟ್ಟುವವರನ್ನೂ ಕರೆಸಿ, ಬಿಗಿ ಕಟ್ಟಿನ ಅಪಾಯದ ಚಿಹ್ನೆಗಳನ್ನು ತೋರಿಸಿ, ಯಾರನ್ನು ಮುಟ್ಟದೆ ದವಾಖಾನೆಗೆ ಕಳಿಸಬೇಕೆಂದು ತಿಳಿಸಿಕೊಟ್ಟರೆ ಎಷ್ಟೋ ಕೈಗಳು ಉಳಿದಾವು. ಅವರನ್ನು ಶತ್ರುಗಳಂತೆ ಕಂಡು ಏನೂ ಸಾಧಿಸಿದಂತಾಗುವುದಿಲ್ಲ.

ಶಿಕ್ಷಕರಲ್ಲಿ ಒಂದು ವಿನಂತಿ. 206 ಎಂಬ ಉತ್ತರ ಬಂದಾಗ ಅಲ್ಲಿಗೇ ನಿಲ್ಲಬೇಡಿ. 'ಗೆಳೆಯನ ಕೈ ಮುರಿದಿದೆ, ಕಟ್ಟು ಹಾಕಿದ್ದಾರೆ, ಬೆರಳು ನೀಲಿಯಾಗಿದೆ, ಏನು ಮಾಡುತ್ತೀ?' ಎಂದು ಮುಂದಿನ ಪ್ರಶ್ನೆ ಕೇಳಿ. ಅದಕ್ಕೆ ಸರಿಯುತ್ತರ ಬಲ್ಲ ಮಗು ಮನೆಯಲ್ಲಿ ಒಂದಿದ್ದರೂ ಸಾಕು, ಒಂದು ರಾತ್ರಿ ಅದು ಹಿರಿಯರನ್ನು ಎಬ್ಬಿಸಿ ಕಟ್ಟು ಬಿಚ್ಚಿಸೀತು.